ಮಾತಿಲ್ಲದ ಸಿನಿಮಾ, ಮಾತಾಡಗೊಡದ ಮಾಸ್ತರ

ಇವತ್ತು ಯೆರವಡಾದ ಬಸ್ ಸ್ಟಾಪಿನಲ್ಲಿ ಪಕ್ಕದ ಹೆಂಗಸು ಮೊಬೈಲಿನಲ್ಲಿ ಶಬ್ದ ಬಂದ್ ಮಾಡಿ ಕಾರ್ಟೂನ್ ನೋಡುತ್ತಿದ್ದಳು. ಬಗ್ಗಿ ನಾನೂ ನೋಡಿದೆ. ಸುವರ್ಣಾ ನೆನಪಾದಳು.

ನಾನು ಪುಣೆಯಲ್ಲಿ ಜರ್ಮನ್ ಕಲಿಸುವ ಧಾರವಾಡದವ. ಜರ್ಮನಿಯ ಮಣ್ಣು ಮೆಟ್ಟಿಲ್ಲ. ವ್ಯಾಕರಣ ಮಾತ್ರ ಬಾಯಿಪಾಠ. ನನ್ನ ವಿದ್ಯಾರ್ಥಿನಿ, ಗೋಕಾಕದ ಸುವರ್ಣಾ, ಆಗ ಪುಣೆಯ ಕ್ಯಾಂಪ್ ಬಡಾವಣೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಪರೀಕ್ಷೆ ಪಾಸಾದರೆ ಜರ್ಮನಿಯಲ್ಲಿ ಕೆಲಸ. ಆದರೆ ಕ್ಲಾಸಿನಲ್ಲಿ ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಮೂರು ನಿಮಿಷದ ಮಾತಿಲ್ಲದ ಕಾರ್ಟೂನ್ ತೋರಿಸಿದೆ. ಚಳಿಗಾಲದಲ್ಲಿ ಮಲಗಬೇಕಾದ ಕರಡಿ ಮತ್ತೆ ಮತ್ತೆ ಎದ್ದು ಬಾಗಿಲು ತೆರೆಯುತ್ತದೆ. ಬಾಗಿಲು, ಹಾಸಿಗೆ ಎಂಬ ಶಬ್ದ ಕಲಿಸುವುದು ನನ್ನ ಘನ ಉದ್ದೇಶ. ಆಗ ಸುವರ್ಣಾ ಎದ್ದು ತಡವರಿಸುತ್ತ ಜರ್ಮನ್ನಿನಲ್ಲಿ ಹೇಳಿದಳು: ಕರಡಿಗೆ ಹಸಿವಿಲ್ಲ, ಕರಡಿ ಒಂಟಿ, ಯಾರಾದರೂ ಬರಬೇಕು.

ಇಡೀ ಕ್ಲಾಸು ಆಕೆಯತ್ತ ತಿರುಗಿತು. ನಾನೇನು ಮಾಡಿದೆ ಗೊತ್ತೇ? “ಜರ್ಮನ್ನಿನಲ್ಲಿ ಕರಡಿ ಪುಲ್ಲಿಂಗ. ನೀವು ಸ್ತ್ರೀಲಿಂಗ ಮಾಡಿದ್ರಿ” ಎಂದೆ. ಆಕೆ ಕೂತಳು. ಮುಂದಿನ ಎರಡು ವಾರ ಬರಲೇ ಇಲ್ಲ. ಪರೀಕ್ಷೆ ಹತ್ತಿರ ಬಂದಿತ್ತು.

ನಾಚಿಕೆ ನುಂಗಿಕೊಂಡು ಆಸ್ಪತ್ರೆಯ ಕ್ಯಾಂಟೀನಿಗೆ ಹೋದೆ. ಚಹಾ ತರಿಸಿ ಆಕೆ ಮೆತ್ತಗೆ ಹೇಳಿದಳು: “ಸರ, ಪೇಷಂಟ್ ಬೆಲ್ ಒತ್ತಿದ್ರ ನಾವು ಮೊದಲ ಓಡಿ ಹೋಗ್ತೀವ್ರಿ. ಚಾದರದ ಸುಕ್ಕು ಆಮ್ಯಾಲೆ ತೆಗಿತೀವಿ.”

ಲಿಂಗ, ವಚನ, ವಿಭಕ್ತಿ ಎಲ್ಲ ಬದಿಗಿಟ್ಟು ನಾನು ಹೇಳಿದೆ:

“ತಪ್ಪಾತು. ಮಂಗಳವಾರ ಬರ್ರಿ. ನಾ ಬಾಯಿ ಮುಚ್ಚಿಕೊಂಡು ಕೂಡ್ತೀನಿ.”

“ಆಗ್ತದೇನ್ರಿ ನಿಮ್ಮಿಂದ?” ನಿಜವಾದ ಸಂಶಯದಿಂದಲೇ ಕೇಳಿದಳು.

ಬಂದಳು. ಅದೇ ಕರಡಿಯನ್ನು ಮತ್ತೆ ಹಾಕಿ, ಪೆನ್ನು ಕಚ್ಚಿಕೊಂಡು ಮೂಲೆಯಲ್ಲಿ ಕೂತೆ. ಆಕೆ ಕರಡಿಯಿಂದ ತನ್ನ ವಾರ್ಡಿಗೆ, ವಾರ್ಡಿನಿಂದ ಗೋಕಾಕದ ತನ್ನ ಅಜ್ಜಿಗೆ ಹೋಗಿ ಬಂದಳು. ತಪ್ಪು ಎಣಿಸಲಿಲ್ಲ ಎಂದರೆ ಸುಳ್ಳಾದೀತು, ಹನ್ನೊಂದು. ಆದರೆ ಹೇಳಲಿಲ್ಲ. ಪೆನ್ನು ಹಾಳಾಯಿತು, ಸುವರ್ಣಾ ಪಾಸಾಗಿ ಜರ್ಮನಿಗೆ ಹೋದಳು.

ಬಸ್ಸಿನಲ್ಲಿ ಕೂತು ಇದನ್ನೆಲ್ಲ ನೆನೆದವನು ಮನೆಗೆ ಬಂದು ಆಕೆಗೆ ಫೋನು ಹಚ್ಚಿದೆ. ಆಕೆ ಜರ್ಮನ್ನಿನಲ್ಲೇ ಶುರುಮಾಡಿದಳು, ನೀರು ಹರಿದಂತೆ. ಅರ್ಧ ತಿಳಿಯಿತು. ಉತ್ತರಿಸಲು ಮನಸ್ಸಿನಲ್ಲೇ, ಜರ್ಮನ್ ನಿಯಮದಂತೆ, ಕ್ರಿಯಾಪದವನ್ನು ವಾಕ್ಯದ ಕೊನೆಗೆ ಹೊತ್ತು ಸಾಗಿಸುತ್ತಿದ್ದೆ.

“ಸರ, ಲೈನಿನ್ಯಾಗ ಅದೀರೇನ್ರಿ?”

“ಅದೀನಿ. ವಾಕ್ಯ ಕಟ್ಟಾಕತ್ತೀನಿ.”

“ತಪ್ಪಾದ್ರ ಆಗ್ಲಿ, ಮಾತಾಡ್ರಿ.”

ಮಾತಾಡಿದೆ. ಕ್ರಿಯಾಪದ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಆಕೆಗೆ ಮಾತ್ರ ಎಲ್ಲ ತಿಳಿಯಿತು. ನಕ್ಕು, ಮುಂದಿನ ಪ್ರಶ್ನೆ ಕೇಳಿದಳು.