ಷಡ್ಡಕರು ಕೂತರೆ ಇಳಿಯುವ ಲೋಡ್

ಒಬ್ಬ ಮನುಷ್ಯ ಕೋಣೆಯೊಳಗೆ ಬಂದು ಕುಳಿತ ಮಾತ್ರಕ್ಕೆ ಯಂತ್ರವೊಂದರ ದಣಿವು ಇಳಿಯಲು ಸಾಧ್ಯವೇ? ಇಲ್ಲವೆಂದು ಹೇಳುವಷ್ಟು ವಿಜ್ಞಾನವನ್ನು ನಾನು ಓದಿಕೊಂಡಿದ್ದೆ. ಆದರೆ ನನ್ನ ಷಡ್ಡಕರ ವಿಷಯದಲ್ಲಿ ಅದು ಕಣ್ಣೆದುರೇ ನಡೆಯುತ್ತಿತ್ತು.

ನನ್ನ ಹೆಂಡತಿಯ ಅಕ್ಕನ ಗಂಡನಾದ ಅವರು, ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದರು. ಮೆಟ್ಟಿಲ ಕೆಳಗೆ ಒಂದು ಕೋಣೆ. ಅದರಲ್ಲಿ ಸರ್ವರ್, ಗುರುಗುಡುವ ಎ.ಸಿ., ಕೈ ಮುರಿದ ಕುರ್ಚಿ, ಮತ್ತು ವಿದ್ಯುತ್ ಉಳಿಸಲೆಂದು ಕೆಲಸವಿಲ್ಲದಾಗ ಆರಿಸಿಡಬೇಕಾದ ಒಂದು ಮಾನಿಟರ್. ಗುಂಡಿಗೆ ಬರುವ ಆರ್ಡರ್‌ಗಳೆಲ್ಲ ಆ ಸರ್ವರ್ ದಾಟಿಯೇ ಒಳಬರಬೇಕು.

ಒಂದು ವರ್ಷ ಅದಕ್ಕೆ ಏನೋ ಬಡಿಯಿತು. ಪ್ರೊಸೆಸರ್ ಏದುಸಿರು ಬಿಡತೊಡಗಿತು. ಬೆಳಗಿನ ಆರ್ಡರ್ ಮಧ್ಯಾಹ್ನ ಕೈಸೇರುತ್ತಿತ್ತು. ಮಹಡಿಯ ಮೇಲೆ ಮ್ಯಾನೇಜರರ ಮೇಜಿನ ಮೇಲಿದ್ದ ಪರದೆಯಲ್ಲಿ ಸರ್ವರಿನ ಲೋಡ್, ಅಂದರೆ ಕೆಲಸದ ಹೊರೆ, ತೋರಿಸುವ ಕೆಂಪು ಗೆರೆಯೊಂದು ಸದಾ ಏರಿಯೇ ಇರುತ್ತಿತ್ತು. ಷಡ್ಡಕರಿಗೆ ನೋಟೀಸು ಬಂತು: ತಿಂಗಳೊಳಗೆ ಗೆರೆ ಇಳಿಯದಿದ್ದರೆ ಮೇಲ್ ಕೆಲಸ ಹೊರಗಿನವರ ಪಾಲು, ಇವರು ಮನೆಗೆ. ಐವತ್ತು ದಾಟಿದ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ನೋಟೀಸಿನ ನಂತರ ಲೋಡ್ ಇನ್ನಷ್ಟು ಏರಿತು. ಅವರು ವೈರಸ್ ಹುಡುಕಿದರು, ಸಿಕ್ಕಿಕೊಂಡ ಮೇಲ್‌ಗಳನ್ನು ಬಿಡಿಸಿದರು. ವಿಚಿತ್ರವೆಂದರೆ, ಅವರು ಹುಡುಕುವಷ್ಟು ಹೊತ್ತೂ ಗೆರೆ ನೆಲಕಚ್ಚಿರುತ್ತಿತ್ತು. ಅವರು ಬಾಗಿಲು ಹಾಕಿ ಹೊರಬಿದ್ದರೆ ಮತ್ತೆ ಏರುತ್ತಿತ್ತು. ಹೊರಗಿನ ಪರಿಣತರು ಬಂದರು. ಷಡ್ಡಕರು ಕುರ್ಚಿಯಲ್ಲಿ ಕೂತು, ಅವರು ಕೇಳಿದ್ದನ್ನೆಲ್ಲ ತೆರೆದು ತೋರಿಸಿದರು.

"ಏನೂ ಆಗಿಲ್ವಲ್ರೀ ಇದಕ್ಕೆ. ಗುಂಡುಕಲ್ಲಿನ ಹಾಗಿದೆ" ಎಂದು ಹೇಳಿ ಪರಿಣತರು ಚಹಾ ಕುಡಿದು ಹೊರಟರು. ಷಡ್ಡಕರು ಅವರನ್ನು ಗೇಟಿನವರೆಗೆ ಬಿಟ್ಟು ಬರುವಷ್ಟರಲ್ಲಿ ಗೆರೆ ಸೂರು ಮುಟ್ಟಿತ್ತು.

ಮ್ಯಾನೇಜರ್ ಕೊನೆಗೆ ತಮ್ಮದೇ ಒಂದು ಸಿದ್ಧಾಂತಕ್ಕೆ ಬಂದರು. "ನಿಮ್ಮನ್ನ ಕಂಡ್ರೆ ಅದಕ್ಕೆ ಭಯ ಕಣ್ರೀ. ಸುಮ್ನೆ ಅಲ್ಲೇ ಕೂತ್ಬಿಡಿ."

"ಊಟಕ್ಕೆ, ಸರ್?"

"ಅಲ್ಲಿಗೇ ಕಳಿಸ್ತೀನಿ. ಏಳ್ಬೇಡಿ ಮಾತ್ರ."

ನೋಟೀಸು ವಾಪಸಾಯಿತು, ಕೈಯಿರುವ ಹೊಸ ಕುರ್ಚಿ ಬಂತು, ಕಾರ್ಖಾನೆಯ ಮಂದಿ ಅವರಿಗೆ ಲೋಡಪ್ಪ ಎಂದು ಹೆಸರಿಟ್ಟರು. ಅವರ ಹೆಂಡತಿಯಾದ ನನ್ನ ಅತ್ತಿಗೆಗೆ ಮಾತ್ರ ಈ ಮಹಿಮೆ ಅಷ್ಟಾಗಿ ಹಿಡಿಸಲಿಲ್ಲ. "ಅಲ್ಲಿ ಇವ್ರು ಕೂತ್ರೆ ಲೋಡ್ ಇಳಿಯುತ್ತಂತೆ. ಮನೇಲಿ ಕೂತ್ರೆ ನನ್ನ ಲೋಡ್ ಏರುತ್ತಲ್ಲ, ಅದಕ್ಕೆ ಯಾರು ಗೆರೆ ಎಳೀತಾರೆ?"

"ಭಾವ, ಇದೆಲ್ಲ ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ ಹಾಗೆ" ಎಂದೆ ನಾನು.

"ಹಾಗಾದ್ರೆ ನೀವೇ ಒಂದ್ಸಲ ಕಾಗೆ ಆಗಿ ನೋಡಿ, ಷಡ್ಡಕರೇ."

ಒಂದು ರಜೆಯ ದಿನ ಮ್ಯಾನೇಜರರ ಒಪ್ಪಿಗೆ ಪಡೆದು ಪ್ರಯೋಗಕ್ಕೆ ಕುಳಿತೆ. ಅವರು ಹೊರಗೆ, ನಾನು ಒಳಗೆ. ಫಲಿತಾಂಶ ಕೆಡಬಾರದೆಂದು ಯಾವುದನ್ನೂ ಮುಟ್ಟಕೂಡದೆಂಬ ನಿಯಮವನ್ನು ನಾನೇ ಹಾಕಿಕೊಂಡು ಕೈಕಟ್ಟಿ ಕೂತೆ. ಮ್ಯಾನೇಜರ್ ಮಹಡಿಯ ಮೆಟ್ಟಿಲಿಂದ ಬಗ್ಗಿ ಕೂಗಿದರು: "ತೊಂಬತ್ತೆಂಟು!" ಷಡ್ಡಕರು ಒಳಬಂದು, ಒಂದು ಕೈ ಮೌಸಿನ ಮೇಲಿಟ್ಟು, ಇನ್ನೊಂದರಿಂದ ಮಾನಿಟರ್ ಹಾಕಿ ಕೂತರು. "ಆರು!" ಮತ್ತೆ ಮಾಡಿದೆವು, ಮಗದೊಮ್ಮೆ ಮಾಡಿದೆವು. ಕಾಗೆ ಕೂತಾಗಲೆಲ್ಲ ಕೊಂಬೆ ಮುರಿಯಿತು.

"ಏನನ್ನುತ್ತೆ ನಿಮ್ಮ ವಿಜ್ಞಾನ?"

"ಇನ್ನೂ ಯೋಚನೆ ಮಾಡ್ತಿದೆ, ಭಾವ."

"ಪಾಪ, ಅದಕ್ಕೂ ಲೋಡ್ ಜಾಸ್ತಿ ಆಗಿರ್ಬೇಕು."

ನಿವೃತ್ತಿಯ ವಯಸ್ಸಾದರೂ ಕಾರ್ಖಾನೆ ಅವರನ್ನು ಬಿಡಲಿಲ್ಲ. ಸಲಹೆಗಾರರೆಂಬ ಪದವಿ ಕೊಟ್ಟು ಅದೇ ಕುರ್ಚಿಯಲ್ಲಿ ಕೂರಿಸಿತು. ಸಲಹೆಯನ್ನು ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ಹಾಗೆಯೇ ಒರಗಿ ಹೋಗಿಬಿಟ್ಟರು.

ವಾರ ಕಳೆಯುವ ಮೊದಲೇ ಅತ್ತಿಗೆಗೆ ಮ್ಯಾನೇಜರರ ಫೋನ್ ಬಂತು. "ಅಮ್ಮಾ, ಕೇಳೋದಕ್ಕೇ ನಾಚಿಕೆ ಆಗುತ್ತೆ. ಅವರ ಹಳೇ ಸ್ವೆಟರ್ ಏನಾದ್ರೂ ಇದ್ರೆ ಕಳಿಸ್ತೀರಾ? ಕುರ್ಚಿಗೆ ತೊಡಿಸಿ ನೋಡೋಣ ಅಂತ."

ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕು, ಒಗೆದು ಮಡಿಸಿಟ್ಟಿದ್ದ ಸ್ವೆಟರ್ ಕಳಿಸಿಕೊಟ್ಟರು. ಲೋಡ್ ಜಗ್ಗಲಿಲ್ಲ.

ಅವರ ಜಾಗಕ್ಕೆ ಬಂದ ಹೊಸ ಎಂಜಿನಿಯರ್ ಒಬ್ಬ ಹೆಣ್ಣುಮಗಳು. ಮೊದಲ ದಿನ ಒಂದು ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ಕೋಣೆಗೆ ಬಂದ ಆಕೆ, ಮೌಸನ್ನು ಮುಟ್ಟದೆ ಮಾನಿಟರನ್ನಷ್ಟೇ ಹಾಕಿದರು. ಪರದೆಯ ತುಂಬ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಅದು ಸ್ಕ್ರೀನ್ ಸೇವರ್. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಸಾಕು, ಸರ್ವರ್ ಮೇಲ್‌ಗಳನ್ನು ಬದಿಗೊತ್ತಿ, ಒಂದೊಂದು ಹುರುಪೆಯ ಹೊಳಪನ್ನೂ ಒಂದೊಂದು ಗುಳ್ಳೆಯ ದಾರಿಯನ್ನೂ ಲೆಕ್ಕಹಾಕುತ್ತ, ಆರಿದ ಪರದೆಯ ಮೇಲೆ ಮೀನು ಬಿಡಿಸುತ್ತ ಕೂರುತ್ತಿತ್ತು. ಮೌಸ್ ಅಲುಗಿದರೆ ಮೀನೂ ಇಲ್ಲ, ಲೋಡೂ ಇಲ್ಲ.

ಲೋಡ್ ಏರತೊಡಗಿದ ವರ್ಷ ಸರ್ವರ್ ಮಾರಿದವರು ಅಂದಕ್ಕೆಂದು ಬಿಟ್ಟುಹೋಗಿದ್ದುದು ಮೂರೇ ಮೀನು. ಅದನ್ನು ಅರವತ್ತಕ್ಕೆ ಏರಿಸಿದ್ದು ಷಡ್ಡಕರ ಲಾಗಿನ್‌ನಿಂದ, ನೋಟೀಸು ಕೈಸೇರಿದ ಮರುದಿನ. ಅದಕ್ಕಿಂತ ಹೆಚ್ಚು ಮೀನು ಬಿಡಲು ಆ ಪ್ರೋಗ್ರಾಮಿನಲ್ಲಿ ಅವಕಾಶವಿರಲಿಲ್ಲ.