ಗಿರಣಿಯವನ ಕಿವಿ

ಇವತ್ತು ಬೆಳಿಗ್ಗೆ ಮೆಣಸಿನಪುಡಿ ಮಾಡಿಸಲು ಬಂದ ಕಾಸರಕೋಡದ ಹೆಂಗಸೊಬ್ಬಳು ನನ್ನನ್ನು ನೋಡಿ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕದ್ದು ಕಂಡಿತು, ಕೇಳಲಿಲ್ಲ. ತಪ್ಪು ಅವಳದಲ್ಲ ಬಿಡಿ. ಅರವತ್ತು ದಾಟಿದ ಗಂಡಸೊಬ್ಬ ಎರಡು ಕೆಂಪು ಬಟ್ಟಲುಗಳನ್ನು ಕಿವಿಗೆ ಕವುಚಿಕೊಂಡು, ನೆತ್ತಿಯ ಮೇಲೊಂದು ಪಟ್ಟಿ ಬಿಗಿದುಕೊಂಡು ಹಿಟ್ಟಿನ ಗಿರಣಿಯಲ್ಲಿ ನಿಂತರೆ ಯಾರಿಗಾದರೂ ನಗು ಬಂದೀತು. ಸದ್ದು ತಡೆಯುವ ಸಾಧನ ಅದು.

ಕಿವಿ ಮುಚ್ಚಿಕೊಂಡವರನ್ನು ಕಂಡು ನಗುವುದರಲ್ಲಿ ಈ ಪೇಟೆಗೆ ಮೊದಲಿಗ ನಾನೇ. ಹೊನ್ನಾವರದಲ್ಲಿ ಗಿರಣಿ ಹಾಕಿದಾಗ ನಾನು, ನನ್ನ ಹೆಂಡತಿ ನಾಗವೇಣಿ ಇಬ್ಬರೇ ಕೆಲಸಕ್ಕೆ. ಅವಳು ಮೊದಲ ವಾರವೇ ಕಿವಿಗೆ ಹತ್ತಿ ತುರುಕಿಕೊಂಡು ಬಂದಳು.

"ಎಂತ, ಹತ್ತಿ ವ್ಯಾಪಾರವಾ?" ಎಂದೆ.

"ನಗಾಡಿ. ಕಿವಿ ಎರಡೇ ಇರೂದು," ಎಂದಳು.

ನನಗೋ ಗಿರಣಿಯವನ ಗರ್ವ. ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜತೊಡಗಿದರೆ ಸದ್ದು ಬದಲಾಗುತ್ತದೆ, ಅದನ್ನು ಹಿಡಿಯುವ ಕಿವಿಯನ್ನೇ ಮುಚ್ಚಿದರೆ ಗಿರಣಿ ನಡೆಸುವುದು ಹೇಗೆ ಎಂದು ಬಂದವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ನಾಗವೇಣಿ ಮಾತ್ರ ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಬಿಸಿ ಹೆಚ್ಚಾಯಿತೆಂದು ಕೈಸನ್ನೆ ಮಾಡುತ್ತಿದ್ದಳು. ನನ್ನ ಕಿವಿಗಿಂತ ಅವಳ ಬೆರಳು ಚುರುಕಾಗಿತ್ತು ಎಂದು ಈಗ ಒಪ್ಪಿಕೊಳ್ಳಬಲ್ಲೆ, ಆಗ ಜೀವ ಹೋದರೂ ಒಪ್ಪುತ್ತಿರಲಿಲ್ಲ. ಕೈ ಬಿಡುವಾದಾಗಲೆಲ್ಲ ಅವಳು ಹೊರಗಿನ ಜಗಲಿಗೆ ಹೋಗಿ ಕೂರುತ್ತಿದ್ದಳು. ಅದನ್ನು ನಾನು ಸೋಮಾರಿತನದ ಲೆಕ್ಕಕ್ಕೆ ಸೇರಿಸಿದ್ದೆ.

ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ನನ್ನ ದನಿ ದೊಡ್ಡದಾಯಿತು. ಕಾಯ್ಕಿಣಿಯ ಮಾವನ ಮನೆಯಲ್ಲಿ ನಾನು ನೀರು ಕೇಳಿದರೆ ಪಕ್ಕದ ಮನೆಯವರೂ ತಂಬಿಗೆ ಹಿಡಿದು ಬರುತ್ತಿದ್ದರು ಎಂದು ನಾಗವೇಣಿ ಈಗಲೂ ಆಡಿಕೊಳ್ಳುತ್ತಾಳೆ. ಅವಳದ್ದು ಹುಟ್ಟಿನಿಂದಲೇ ಮೆಲುದನಿ.

ಕಿವಿ ಒಂದೇ ದಿನ ಹೋಗುವುದಿಲ್ಲ ನೋಡಿ. ಮೊದಲು ಹಕ್ಕಿಗಳು ಸುಮ್ಮನಾದವು. ಆಮೇಲೆ ಕುಕ್ಕರು ಸೀಟಿ ಹೊಡೆಯುವುದನ್ನು ಬಿಟ್ಟಿತು. ಕೊನೆಗೆ ಜನರೆಲ್ಲ ಮಾತನ್ನು ಬಾಯೊಳಗೇ ಆಡತೊಡಗಿದರು. ತಪ್ಪು ಅವರದೇ ಎಂದು ನಾನು ನಂಬಿದ್ದೆ. "ಏನು?" ಎಂದು ಕೇಳಲು ನಾಚಿಕೆ. ಅದಕ್ಕೊಂದು ಉಪಾಯ ಹೂಡಿದೆ. ಎದುರಿನವರ ಮುಖ ನೋಡಿ ತಲೆಯಾಡಿಸಿ "ಆತು" ಎಂದುಬಿಡುವುದು. ಮುಕ್ಕಾಲು ಪಾಲು ಮಾತಿಗೆ ಅಷ್ಟೇ ಉತ್ತರ ಸಾಕಾಗುತ್ತದೆ. ಹೆಬಳೆಯ ಗಿರಾಕಿಯೊಬ್ಬರ ಎರಡು ನಾಯಿಮರಿಗಳು ನಮ್ಮ ಮನೆ ಸೇರಿದ್ದು ಹೀಗೆ.

ಕಳೆದ ತಿಂಗಳು ಒಂದು ದಿನ ಊಟದ ಹೊತ್ತಿಗೆ ನಾಗವೇಣಿ ತಟ್ಟೆಯತ್ತ ನೋಡುತ್ತ ಏನೋ ಹೇಳಿದಳು. "ಆತು" ಎಂದೆ. ಮಜ್ಜಿಗೆ ಬಡಿಸೆಂದೆ.

ಮರುದಿನ ಬೆಳಿಗ್ಗೆ ಹೋದವಳು ಸಂಜೆ ಮನೆಗೆ ಬಂದಳು.

"ಎಲ್ಲಿಗೆ ಹೋಗಿದ್ದೆ ಮಾರಾಯ್ತಿ?"

"ಕುಮಟೆಗೆ. ಎದೆಯಲ್ಲಿ ಗಂಟು ಸಿಕ್ಕಿದೆ, ಡಾಕ್ಟರ ಹತ್ರ ಜೊತೆಗೆ ಬನ್ನಿ ಅಂತ ನಿನ್ನೆ ಹೇಳಿದ್ನಲ್ಲ. ಆತು ಅಂದ್ರಿ. ಎರಡು ಬಸ್ಸು ಬಿಟ್ಟು ಕಾದೆ."

ಗಂಟು ಕೆಟ್ಟದ್ದಲ್ಲ ಎಂದು ಆಮೇಲೆ ತಿಳಿಯಿತು. ಆ ಸಂಜೆ ಮಾತ್ರ ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕಾಲು ತೊಳೆದುಕೊಂಡು ಬಂದು ಚಹಾಕ್ಕೆ ನೀರಿಟ್ಟಳು.

ಮುಂದಿನ ವಾರ ಕಿವಿಯ ಡಾಕ್ಟರ ಮುಂದೆ ಇಬ್ಬರೂ ಕೂತೆವು. ನಾಗವೇಣಿಯ ಕಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇತ್ತು. ಹತ್ತಿಯಿಂದ ಹೆಚ್ಚೇನೂ ಆಗುವುದಿಲ್ಲವಂತೆ, ಜಗಲಿಯಲ್ಲಿ ಕೂತದ್ದೇ ಅವಳನ್ನು ಕಾಪಾಡಿದ್ದಿರಬೇಕು. "ಹೋದದ್ದು ವಾಪಸ್ ಬರೂದಿಲ್ಲ," ಎಂದು ಡಾಕ್ಟರು ನನ್ನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. "ಉಳಿದದ್ದನ್ನು ಉಳಿಸ್ಕೊಳ್ಳಿ." ಹಾಗೆ ಬಂದವು ಈ ಕೆಂಪು ಬಟ್ಟಲುಗಳು. ಕಿವಿಗೆ ಯಂತ್ರವನ್ನೂ ಬರೆದುಕೊಟ್ಟಿದ್ದಾರೆ, ಅದಿನ್ನೂ ಬರಬೇಕು.

ಬಟ್ಟಲು ಹಾಕಿಕೊಳ್ಳುವುದು ಸುಲಭ. ಕಷ್ಟವಾದದ್ದು "ಆತು" ಬಿಡುವುದು. ನಿನ್ನೆ ಊಟಕ್ಕೆ ಕೂತಾಗ ನಾಗವೇಣಿ ಏನೋ ಅಂದಳು. ತಲೆ ತನ್ನಷ್ಟಕ್ಕೇ ಆಡಲು ಹೊರಟಿತ್ತು, ತಡೆದೆ.

"ನಂಗೆ ಕೇಳಲಿಲ್ಲ. ಇನ್ನೊಂದ್ಸಲ ಹೇಳು," ಎಂದೆ.

ಅವಳು ಮಣೆ ಎಳೆದುಕೊಂಡು ನನ್ನ ಎದುರಿಗೆ ಬಂದು ಕೂತಳು.

"ಕುಮಟೆಗೆ ಹೋದ ದಿನ ನಂಗೆ ಬಹಳ ಹೆದರಿಕೆ ಆಗಿತ್ತು," ಎಂದಳು.

ಈ ಸಲ ಕೇಳಿಸಿತು. ತಟ್ಟೆ ಬದಿಗೆ ಸರಿಸಿ, ಅವಳು ಹೇಳಿದ್ದನ್ನೆಲ್ಲ ಕೊನೆಯ ತನಕ ಕೇಳಿದೆ.