ತುಟಿ ಮಾತ್ರ ಆಡಿಸು

ಎರಡು ವರ್ಷದ ಹಿಂದಿನ ಮಾತು. ಕಾಪು ಸಮೀಪದ ಸರಕಾರಿ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ಮನೆಯಲ್ಲಿ ತುಳು, ಬ್ಯಾರಿ ಮಾತಾಡುವ ನಮ್ಮ ಮೂರನೇ ತರಗತಿಯ ಮಕ್ಕಳಿಂದ ವಾರ್ಷಿಕೋತ್ಸವಕ್ಕೆ ಇಂಗ್ಲಿಷಿನಲ್ಲಿ ಹಾಡಿನ ನಾಟಕ ಮಾಡಿಸುತ್ತೇನೆಂದು ಮೀಟಿಂಗಿನಲ್ಲಿ ಎದ್ದು ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ. ಖಾಸಗಿ ಶಾಲೆಯ ಬಸ್ಸು ದಿನಾ ನಮ್ಮ ಗೇಟಿನೆದುರೇ ಮಕ್ಕಳನ್ನು ಹತ್ತಿಸಿಕೊಂಡು ಹೋಗುವುದನ್ನು ನೋಡಿ ನೋಡಿ ನನಗೆ ಹಟ ಬಂದಿತ್ತು.

ತರಕಾರಿಗಳಲ್ಲಿ ರಾಜ ಯಾರೆಂಬ ಜಗಳವೇ ನಾಟಕ. ಕೊನೆಗೆ ಗೆಲ್ಲುವುದು ಮಟ್ಟುಗುಳ್ಳ, ನಮ್ಮೂರಿನ ಬದನೆ. ಗುಳ್ಳದ ಪಾತ್ರ ಸಫಾಳಿಗೆ ಕೊಟ್ಟೆ. ಉರುಟು ಕೆನ್ನೆಯ ಹುಡುಗಿ. ತಂದೆ ಗಲ್ಫಿನಲ್ಲಿ ಡ್ರೈವರ್. ಹಾಡನ್ನು ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿದವಳು ಅವಳೇ. ಆದರೆ ಸ್ವರ ಒಡಕು. ಉಚ್ಚಾರವಂತೂ ದೇವರಿಗೇ ಪ್ರೀತಿ.

ಅವಳು ಹಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಣಿಪಾಲದ ಅಕ್ಕನ ಮನೆಯಲ್ಲಿ ಕೇಳಿಸಿದೆ. ಅಕ್ಕ ನಕ್ಕಳು, ಇಂಗ್ಲಿಷ್ ಶಾಲೆಗೆ ಹೋಗುವ ಅವಳ ಮಗಳು ನಕ್ಕಳು, ನಾನೂ ನಕ್ಕೆ. ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಆವತ್ತೇ ಎಲ್ಲ ಹಾಡುಗಳನ್ನೂ ಅಕ್ಕನ ಮಗಳಿಂದ ಹಾಡಿಸಿ ಮೊಬೈಲಿನಲ್ಲಿ ತುಂಬಿಸಿಕೊಂಡೆ. ಸಫಾ ಹಾಡಿದ್ದನ್ನು ಅಳಿಸಿ ಹಾಕಿದೆ.

ಮರುದಿನ ಮಕ್ಕಳಿಗೆ, ಹಾಡು ಸ್ಪೀಕರಿನಲ್ಲಿ ಬರುತ್ತದೆ, ನೀವು ಬಾಯಿ ಆಡಿಸಿದರೆ ಸಾಕು ಎಂದೆ. ಉಳಿದವರಿಗೆ ಖುಷಿಯೇ ಆಯಿತು. ಸಫಾ ಮಾತ್ರ ಹತ್ತಿರ ಬಂದಳು. "ಟೀಚರ್, ನಾನು ಮೆಲ್ಲ ಹಾಡ್ಲಾ?"

"ಬೇಡ. ತುಟಿ ಮಾತ್ರ ಆಡಿಸು" ಎಂದೆ. ಎರಡು ವಾರ ಅದನ್ನೇ ಅಭ್ಯಾಸ ಮಾಡಿಸಿದೆ. ಸ್ವರ ಹೊರಟರೆ ಕಣ್ಣು ದೊಡ್ಡದು ಮಾಡುತ್ತಿದ್ದೆ.

ವಾರ್ಷಿಕೋತ್ಸವದಲ್ಲಿ ಚಪ್ಪಾಳೆಯೇ ಚಪ್ಪಾಳೆ. ಸರಕಾರಿ ಶಾಲೆಯ ಮಕ್ಕಳ ಇಂಗ್ಲಿಷ್ ಎಷ್ಟು ಚಂದ ಎಂದು ಅತಿಥಿಗಳು ಮೈಕಿನಲ್ಲೇ ಹೊಗಳಿದರು. ನಾನು ಶಾಲು ಹೊದೆಸಿಕೊಂಡು ಹಲ್ಲು ಕಿರಿದು ನಿಂತಿದ್ದೆ.

ಮುಂದಿನ ಶುಕ್ರವಾರ ಸಂಜೆ ಗಲ್ಫಿನಿಂದ ಫೋನ್ ಬಂತು. ಸಫಾಳ ತಂದೆ. ಹೆಂಡತಿ ಕಳಿಸಿದ ವಿಡಿಯೊ ನೋಡಿದ್ದರಂತೆ. ಮಗು ಚಂದ ಕಾಣ್ತದೆ, ಸ್ವರ ಮಾತ್ರ ಬೇರೆ ಕೇಳ್ತದೆ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಮೈಕಿನಲ್ಲಿ ಎಲ್ಲರ ಸ್ವರವೂ ಬದಲಾಗುತ್ತದೆ ಎಂದು ನಾನು ಶುರು ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: "ಇಲ್ಲಿ ವಿಡಿಯೊ ಕಾಲ್ ಸರಿ ಸಿಗುವುದಿಲ್ಲ ಟೀಚರ್. ಮೂರು ವರ್ಷದಿಂದ ನನ್ನ ಹತ್ತಿರ ಇರುವುದು ಅವಳ ಸ್ವರ ಮಾತ್ರ. ಗಾಡಿ ಓಡಿಸುವಾಗ ಅವಳ ವಾಯ್ಸ್ ಮೆಸೇಜನ್ನೇ ಹಾಕಿಕೊಳ್ಳುವುದು. ಅದು ಅವಳಲ್ಲ."

ಅವರು ಬೈದಿದ್ದರೆ ಒಳ್ಳೆಯದಿತ್ತು. ಇಂಗ್ಲಿಷ್ ಹಾಡನ್ನು ಮೊದಲೇ ಕೇಳಿಸುವುದಿಲ್ಲ, ಸ್ಟೇಜಿನದ್ದೇ ಕೇಳಬೇಕು ಎಂದು ಮಗಳು ಒಂದು ತಿಂಗಳಿನಿಂದ ಆಸೆ ಹುಟ್ಟಿಸಿದ್ದಳಂತೆ. "ಅವಳೇ ಹಾಡಿದ್ದು ಎಲ್ಲಾದರೂ ಉಂಟಾ ಟೀಚರ್? ಇದ್ದರೆ ಕಳಿಸಿ. ಹೇಗಿದ್ದರೂ ಆದೀತು" ಎಂದರು. ಕಳಿಸುತ್ತೇನೆ ಎಂದು ಫೋನಿಟ್ಟೆ.

ಮರುದಿನ ಸಫಾಳನ್ನು ಖಾಲಿ ತರಗತಿಗೆ ಕರೆದು, ಅಪ್ಪನಿಗೆ ಕಳಿಸಬೇಕು, ಆ ಹಾಡು ಹಾಡು ಎಂದು ಮೊಬೈಲ್ ಹಿಡಿದೆ. ಅವಳು ನೆಟ್ಟಗೆ ನಿಂತಳು. ನಾನು ಕಲಿಸಿದ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೂ ತಪ್ಪದೆ ತುಟಿ ಆಡಿಸಿದಳು. ಸ್ವರವೇ ಇಲ್ಲ.

ನಾನು ತಪ್ಪು ಹೇಳಿಕೊಟ್ಟಿದ್ದೆ, ಈಗ ಗಟ್ಟಿಯಾಗಿ ಹಾಡು ಮಗಾ ಎಂದೆ. ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಣ್ಣು ನೋಡಿದಳು. "ನೀವು ಹಾಡು ಹಾಕಿ ಟೀಚರ್, ನಾನು ಮಾಡ್ತೇನೆ" ಎಂದಳು.

ಅವಳ ತಂದೆಗೆ ನಾನು ಏನನ್ನೂ ಕಳಿಸಲಿಲ್ಲ. ತಪ್ಪಾಯಿತು ಎಂದು ಹೇಳುವ ಧೈರ್ಯವೂ ಬರಲಿಲ್ಲ. ಸಫಾ ಈಗ ಐದನೆಯಲ್ಲಿದ್ದಾಳೆ. ಬೆಳಗ್ಗಿನ ಪ್ರಾರ್ಥನೆಯ ಹೊತ್ತಿಗೆ ಏನೋ ನೆಪ ಮಾಡಿಕೊಂಡು ಅವಳ ಸಾಲಿನ ಪಕ್ಕ ಹೋಗಿ ಕಿವಿಗೊಟ್ಟು ನಿಲ್ಲುತ್ತೇನೆ. ನನ್ನನ್ನು ಕಂಡ ಕೂಡಲೇ ಅವಳ ಸ್ವರ ನಿಲ್ಲುತ್ತದೆ, ತುಟಿ ಮಾತ್ರ ಆಡುತ್ತಿರುತ್ತದೆ.